ಗಾಜಿನ ಹೂವುಗಳೂ ಹೈದರಾಬಾದಿನ ಸಸ್ಯಶಾಸ್ತ್ರ ಬೋಧನೆಯೂ

೧

ಹೈದರಾಬಾದಿನ ಸಾಲಾರ್‌ಜಂಗ್ ವಸ್ತುಸಂಗ್ರಹಾಲಯದಲ್ಲಿ ಯುರೋಪಿನ ಗಾಜಿನ ಸಾಮಗ್ರಿಗಳು ಹೇರಳವಾಗಿವೆ. ಮೂರನೆಯ ಸಾಲಾರ್‌ಜಂಗ್ ಮೀರ್ ಯೂಸುಫ್ ಅಲೀಖಾನರು (೧೮೮೯–೧೯೪೯) ಜೀವಮಾನವಿಡೀ ಕೂಡಿಹಾಕಿದ ವಸ್ತುಗಳು ೧೯೫೧ರ ಡಿಸೆಂಬರ್ ೧೬ರಂದು ದಿವಾನ್ ದೇವಡಿಯಲ್ಲಿ ಸಾರ್ವಜನಿಕರ ದರ್ಶನಕ್ಕೆ ತೆರೆದುವು. ೧೯೬೮ರಲ್ಲಿ ಮೂಸಿ ನದಿಯ ದಡದ ಈಗಿನ ಕಟ್ಟಡಕ್ಕೆ ಬಂದುವು. ವೆನಿಸ್, ಫ್ರಾನ್ಸ್, ಇಂಗ್ಲೆಂಡುಗಳ ಗಾಜಿನೊಡನೆ ಬೊಹೀಮಿಯಾ ದೇಶದ ಗಾಜಿಗೂ ಅಲ್ಲಿ ಸ್ಥಾನವುಂಟು. ಅಲ್ಲಿಂದ ಅನತಿದೂರದ ಚೌಮಹಲ್ಲಾ ಅರಮನೆಯ ಖಿಲ್ವತ್ ಸಭಾಂಗಣದಲ್ಲಿ ಬೆಲ್ಜಿಯಂ ಗಾಜಿನ ೧೯ ತೂಗುದೀಪಗಳು ಇಂದಿಗೂ ತೂಗುತ್ತಿವೆ. ಹತ್ತೊಂಬತ್ತನೆಯ ಶತಮಾನದ ಹೈದರಾಬಾದಿನ ಶ್ರೀಮಂತ ವರ್ಗಕ್ಕೆ ಯುರೋಪಿನ ಗಾಜೆಂದರೆ ಬೆಳಕು, ಬೆಡಗು, ಅಂತಸ್ತು.

ಅದೇ ಶತಮಾನದಲ್ಲಿ, ಅದೇ ಬೊಹೀಮಿಯಾದ ಗಾಜುಗಾರರ ಮನೆತನವೊಂದು ತನ್ನ ಕಸುಬನ್ನು ಬೇರೊಂದು ಕೆಲಸಕ್ಕೆ ತಿರುಗಿಸಿತು. ದೀಪವೃಕ್ಷಗಳ ತೊಂಗಲು, ಒಡವೆಯ ಹರಳು, ಕೃತಕ ನೇತ್ರಗಳನ್ನು ಮಾಡುತ್ತಿದ್ದ ಕೈಗಳೇ ಸಸ್ಯಶಾಸ್ತ್ರದ ವಿದ್ಯಾರ್ಥಿಗಳಿಗಾಗಿ ಹೂವು, ಎಲೆ, ಕಾಯಿ, ಬೇರುಗಳನ್ನು ಗಾಜಿನಲ್ಲಿ ರೂಪಿಸಿದುವು. ಅಮೆರಿಕಾದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿರುವ ಆ ಸಂಗ್ರಹ 'ಗಾಜಿನ ಹೂವುಗಳು' ಎಂದೇ ಲೋಕಪ್ರಸಿದ್ಧವಾಗಿದೆ. ನೋಡಿದವರೆಲ್ಲರೂ ಅದರ ಕೈಚಳಕಕ್ಕೆ ಬೆರಗಾಗುತ್ತಾರೆ. ಆದರೆ ಶಿಕ್ಷಣದ ಇತಿಹಾಸವನ್ನು ಅರಿಯಬಯಸುವವನಿಗೆ ಕೈಚಳಕಕ್ಕಿಂತ ಮುಖ್ಯವಾದ ಸಂಗತಿ ಬೇರೊಂದಿದೆ. ಕಸುಬನ್ನು ಬಲ್ಲವನು, ಶಾಸ್ತ್ರವನ್ನು ಬಲ್ಲವನು, ಹಣವನ್ನು ಒದಗಿಸುವವನು—ಈ ಮೂವರೂ ದೀರ್ಘಕಾಲ ಒಂದೇ ಗುರಿಗೆ ಕಟ್ಟುಬಿದ್ದುದರಿಂದ ಆ ಹೂವುಗಳು ಹುಟ್ಟಿದುವು. ಈ ಮೂರು ಶಕ್ತಿಗಳೂ ಹಳೆಯ ಹೈದರಾಬಾದು ಸಂಸ್ಥಾನದಲ್ಲಿದ್ದುವು. ಅಲ್ಲಿ ಅವು ಹರಿದ ದಾರಿಗಳು ಬೇರೆಯಾದುವು. ಈ ಎರಡು ಚರಿತ್ರೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದು ಈ ಪ್ರಬಂಧದ ಉದ್ದೇಶ.

೨

ಸಸ್ಯಶಾಸ್ತ್ರವನ್ನು ಕಲಿಸುವವನ ಮೊದಲನೆಯ ತೊಡಕು, ಅವನ ವಿಷಯವಸ್ತು ಬಾಡಿಹೋಗುವಂಥದು ಎಂಬುದು. ಪ್ರಾಣಿಯ ಎಲುಬುಗೂಡನ್ನು ಕಪಾಟಿನಲ್ಲಿ ನೂರು ವರ್ಷ ಇಡಬಹುದು. ಖನಿಜದ ತುಣುಕು ಕೆಡುವುದೇ ಇಲ್ಲ. ಹೂವು ಮಾತ್ರ ಬೆಳಗ್ಗೆ ಕೊಯ್ದರೆ ಸಂಜೆಗೆ ಸೋತಿರುತ್ತದೆ. ಈ ತೊಡಕಿಗೆ ಪಂಡಿತರು ಕಂಡುಕೊಂಡ ಅತ್ಯಂತ ಹಳೆಯ ಪರಿಹಾರ ಒಣಸಸ್ಯಗಳ ಸಂಗ್ರಹ. ಗಿಡವನ್ನು ಕಾಗದಗಳ ನಡುವೆ ಒತ್ತಿ ಒಣಗಿಸಿ, ಹಾಳೆಗೆ ಅಂಟಿಸಿ, ಹೆಸರು ಬರೆದಿಡುವ ಈ ಕ್ರಮ ಜಾತಿನಿರ್ಣಯಕ್ಕೆ ಇಂದಿಗೂ ಅನಿವಾರ್ಯ. ಆದರೆ ಒತ್ತಿದ ಹೂವಿನಲ್ಲಿ ಬಣ್ಣ ಉಳಿಯದು, ಉಬ್ಬುತಗ್ಗುಗಳು ಚಪ್ಪಟೆಯಾಗುತ್ತವೆ. ಹೊಸದಾಗಿ ಕಲಿಯುವವನಿಗೆ ಅದರಿಂದ ಜೀವಂತ ಸಸ್ಯದ ಆಕೃತಿ ಮನಸ್ಸಿಗೆ ಬರುವುದು ಕಷ್ಟ.

ಎರಡನೆಯ ಪರಿಹಾರ ಚಿತ್ರ. ಇದಕ್ಕೆ ಕನ್ನಡ ನಾಡಿನಲ್ಲಿಯೇ ಒಳ್ಳೆಯ ನಿದರ್ಶನವುಂಟು. ವೈದ್ಯ ಹ್ಯೂ ಕ್ಲೆಗ್‌ಹಾರ್ನ್ ಶಿವಮೊಗ್ಗೆಯಲ್ಲಿ ನೌಕರಿಯಲ್ಲಿದ್ದಾಗ, ೧೮೪೫ರಿಂದ ೧೮೪೭ರವರೆಗೆ, ಮರಾಠಿ ಚಿತ್ರಗಾರನೊಬ್ಬನನ್ನು ನೇಮಿಸಿಕೊಂಡು ದಿನಕ್ಕೊಂದರಂತೆ ಆ ಸೀಮೆಯ ಗಿಡಗಳನ್ನು ಬರೆಸಿದನು. ಆ ಚಿತ್ರಗಳು ಈಗ ಸ್ಕಾಟ್ಲೆಂಡಿನ ಎಡಿನ್‌ಬರೋ ಸಸ್ಯೋದ್ಯಾನದಲ್ಲಿವೆ. ಚಿತ್ರದಲ್ಲಿ ಬಣ್ಣ ನಿಲ್ಲುತ್ತದೆ. ಆದರೆ ಅದಕ್ಕೆ ಒಂದೇ ಮುಖ. ಹೂವನ್ನು ತಿರುಗಿಸಿ ನೋಡಲು, ಬಿಚ್ಚಿ ಒಳಗನ್ನು ಕಾಣಲು ಚಿತ್ರ ಅವಕಾಶ ಕೊಡದು.

ಮೂರನೆಯದು ಪ್ರತಿಕೃತಿ. ಮೇಣದಲ್ಲಿ ಹಣ್ಣುಹೂಗಳನ್ನು ಮಾಡುವ ಕಲೆ ಯುರೋಪಿನಲ್ಲಿ ಹಿಂದಿನಿಂದಲೂ ಇದ್ದಿತು. ಅದು ಸೆಕೆಗೆ ಮೆತ್ತಗಾಗಿ ಆಕಾರಗೆಡುವಂಥದು. ಫ್ರಾನ್ಸಿನ ವೈದ್ಯ ಲೂಯಿ ಓಝೂ (೧೭೯೭–೧೮೮೦) ಕಾಗದದ ಮುದ್ದೆಯಿಂದ ಮನುಷ್ಯದೇಹದ ಪ್ರತಿಕೃತಿಗಳನ್ನು ಮಾಡಿಸಿದನು. ಅವುಗಳ ಭಾಗಗಳನ್ನು ಒಂದೊಂದಾಗಿ ಕಳಚಿ ಮತ್ತೆ ಜೋಡಿಸಬಹುದಾಗಿತ್ತು. ಇದೇ ವಿಧಾನವನ್ನು ಹೂವುಗಳಿಗೆ ಅನ್ವಯಿಸಿ ವ್ಯಾಪಾರವಾಗಿ ಬೆಳೆಸಿದವನು ಜರ್ಮನಿಯ ರಾಬರ್ಟ್ ಬ್ರೆಂಡೆಲ್. ಅವನು ೧೮೬೬ರಲ್ಲಿ ಬ್ರೆಸ್ಲೌ ನಗರದಲ್ಲಿ ತೆರೆದ ಕಾರ್ಯಾಗಾರ ಮುಂದೆ ಮಗ ರೈನ್‌ಹೋಲ್ಡನ ಕಾಲದಲ್ಲಿ ಬರ್ಲಿನ್ ಬಳಿ ನೆಲೆಸಿತು. ಸಸ್ಯವಿಜ್ಞಾನಿ ಫರ್ಡಿನಾಂಡ್ ಕೋನ್ ಮೊದಲಾದವರ ಸಲಹೆ ಆ ಕೆಲಸದ ಹಿಂದೆ ಇದ್ದಿತು. ಕಾಗದದ ಮುದ್ದೆ, ಮರ, ಹತ್ತಿ, ಬೆತ್ತ, ಗಾಜಿನ ಮಣಿ, ಹಕ್ಕಿಯ ಗರಿ ಇವುಗಳಿಂದ ಕೂಡಿದ ಬ್ರೆಂಡೆಲ್ ಹೂವುಗಳು ನಿಜವಾದ ಹೂವಿಗಿಂತ ಹಲವು ಪಟ್ಟು ದೊಡ್ಡವು. ಕಡೆದ ಮರದ ಪೀಠದ ಮೇಲೆ ನಿಲ್ಲುವಂಥವು. ತರಗತಿಯ ಹಿಂದಿನ ಸಾಲಿನವನಿಗೂ ಕಾಣುವಂತೆ ಅವುಗಳನ್ನು ಎತ್ತಿ ಹಿಡಿಯಬಹುದಾಗಿತ್ತು. ದಳಗಳನ್ನು ಕಳಚಿ ಕೇಸರ ಅಂಡಾಶಯಗಳನ್ನು ತೋರಿಸಬಹುದಾಗಿತ್ತು. ಬೆಲೆಪಟ್ಟಿಯನ್ನು ನೋಡಿ ಯಾವ ಶಾಲೆಯಾದರೂ ತರಿಸಿಕೊಳ್ಳಬಹುದಾದ ಸರಕು ಅದು. ಗಾಜಿನ ಹೂವುಗಳ ದಾರಿ ಇದಕ್ಕಿಂತ ತೀರ ಬೇರೆಯಾದುದು.

೩

ಲಿಯೋಪೋಲ್ಡ್ ಬ್ಲಾಷ್ಕಾ ೧೮೨೨ರಲ್ಲಿ ಉತ್ತರ ಬೊಹೀಮಿಯಾದ ಚೆಸ್ಕಿ ದೂಬ್ ಎಂಬ ಊರಿನಲ್ಲಿ ಗಾಜುಗಾರರ ವಂಶದಲ್ಲಿ ಹುಟ್ಟಿದನು. ಕುಲದ ಕಸುಬಿನಂತೆ ದೀಪದ ಉರಿಯಲ್ಲಿ ಗಾಜನ್ನು ಕರಗಿಸಿ ಆಭರಣದ ಹರಳುಗಳನ್ನೂ ಕೃತಕ ನೇತ್ರಗಳನ್ನೂ ಪ್ರಯೋಗಶಾಲೆಯ ಉಪಕರಣಗಳನ್ನೂ ಮಾಡುತ್ತಿದ್ದನು. ೧೮೫೦ರಲ್ಲಿ ಹೆಂಡತಿಯೂ ೧೮೫೨ರಲ್ಲಿ ತಂದೆಯೂ ತೀರಿಕೊಂಡರು. ದುಃಖದಿಂದ ಬಳಲಿದ ಅವನು ೧೮೫೩ರಲ್ಲಿ ಅಮೆರಿಕಾಕ್ಕೆ ಹಡಗು ಹತ್ತಿದನು. ಅಟ್ಲಾಂಟಿಕ್ ಸಾಗರದ ಅಝೋರ್ಸ್ ದ್ವೀಪಗಳ ಬಳಿ ಗಾಳಿ ಬೀಳದೆ ಹಡಗು ಸುಮಾರು ಎರಡು ವಾರ ನಿಂತುಬಿಟ್ಟಿತು. ರಾತ್ರಿಯ ಕಡಲಿನಲ್ಲಿ ಬೆಳಕನ್ನು ಸೂಸುತ್ತ ತೇಲುತ್ತಿದ್ದ ಪಾರದರ್ಶಕ ಜೀವಿಗಳನ್ನು ಅವನು ಆಗ ಕಂಡನು. ಅವುಗಳ ಚಿತ್ರಗಳನ್ನು ಬರೆದುಕೊಂಡನು.

ಊರಿಗೆ ಹಿಂದಿರುಗಿ ಮರುಮದುವೆಯಾದ ಮೇಲೆ ಅವನು ಬಿಡುವಿನ ವೇಳೆಯಲ್ಲಿ ಗಾಜಿನ ಹೂವುಗಳನ್ನು ಮಾಡತೊಡಗಿದನು. ಅವುಗಳನ್ನು ಮೆಚ್ಚಿದ ರಾಜಪುತ್ರ ಕಾಮಿಲ್ ರೋಹಾನ್ ತನ್ನ ಸಸ್ಯಗೃಹದ ಆರ್ಕಿಡ್ ಗಿಡಗಳನ್ನು ಮಾದರಿಯಾಗಿ ಒದಗಿಸಿದನು. ೧೮೬೦ರಿಂದೀಚೆಗೆ ಎರಡು ವರ್ಷಗಳಲ್ಲಿ ಸುಮಾರು ನೂರು ಆರ್ಕಿಡ್ ಪ್ರತಿಕೃತಿಗಳು ಸಿದ್ಧವಾದುವು. ಈ ಮೊದಲ ಸಂಗ್ರಹ ಮುಂದೆ ಬೆಲ್ಜಿಯಂ ದೇಶದ ಲೀಜ್ ನಗರದ ವಸ್ತುಸಂಗ್ರಹಾಲಯವನ್ನು ಸೇರಿ, ೧೮೬೮ರಲ್ಲಿ ಬೆಂಕಿಗೆ ಆಹುತಿಯಾಯಿತು.

ಅಷ್ಟು ಹೊತ್ತಿಗೆ ಬ್ಲಾಷ್ಕಾ ಕುಟುಂಬ ಜರ್ಮನಿಯ ಡ್ರೆಸ್ಡೆನ್ ನಗರಕ್ಕೆ ಬಂದು ನೆಲೆಸಿತ್ತು. ಅಲ್ಲಿಯ ಪ್ರಕೃತಿವಿಜ್ಞಾನ ಸಂಗ್ರಹಾಲಯದ ನಿರ್ದೇಶಕ ಲೂಡ್ವಿಗ್ ರೈಖನ್‌ಬಾಖ್ ೧೮೬೩ರಲ್ಲಿ ಕಡಲ ಹೂ ಎನಿಸುವ ಮೃದುಪ್ರಾಣಿಗಳ ಪ್ರತಿಕೃತಿಗಳನ್ನು ಮಾಡಿಕೊಡುವಂತೆ ಕೇಳಿದನು. ಸಸ್ಯಕ್ಕೆ ಒಣಸಂಗ್ರಹವಾದರೂ ಉಂಟು. ಲೋಳೆಮೀನು, ಕಡಲ ಹೂ ಮೊದಲಾದ ಎಲುಬಿಲ್ಲದ ಜೀವಿಗಳನ್ನು ಮದ್ಯಸಾರದಲ್ಲಿಟ್ಟರೆ ಬಣ್ಣಗೆಟ್ಟು ಮುದ್ದೆಯಾಗುತ್ತವೆ. ಪಾರದರ್ಶಕವಾದ ಗಾಜು ಆ ಜೀವಿಗಳ ದೇಹಕ್ಕೆ ಹೇಳಿಮಾಡಿಸಿದ ದ್ರವ್ಯವಾಯಿತು. ೧೮೫೭ರಲ್ಲಿ ಹುಟ್ಟಿದ ಮಗ ರೂಡಾಲ್ಫ್ ೧೮೭೬ರ ಹೊತ್ತಿಗೆ ತಂದೆಯ ಜೊತೆಗೂಡಿದನು. ತಂದೆಮಕ್ಕಳಿಬ್ಬರೇ, ಆಳುಕಾಳುಗಳ ನೆರವಿಲ್ಲದೆ, ಸಾವಿರಾರು ಕಡಲ ಜೀವಿಗಳ ಪ್ರತಿಕೃತಿಗಳನ್ನು ಮಾಡಿ ಯುರೋಪು, ಅಮೆರಿಕಾ, ನ್ಯೂಜಿಲೆಂಡುಗಳವರೆಗೂ ಕಳುಹಿಸಿದರು. ೧೮೮೮ರ ಬೆಲೆಪಟ್ಟಿಯಲ್ಲಿ ಅಂಥ ಸುಮಾರು ೭೦೦ ಬಗೆಗಳು ನಮೂದಾಗಿದ್ದುವು.

೪

ಹಾರ್ವರ್ಡಿನಲ್ಲಿ ಹೊಸದಾಗಿ ರೂಪುಗೊಳ್ಳುತ್ತಿದ್ದ ಸಸ್ಯ ಸಂಗ್ರಹಾಲಯದ ಪ್ರಥಮ ನಿರ್ದೇಶಕ ಜಾರ್ಜ್ ಲಿಂಕನ್ ಗುಡೇಲ್ ೧೮೮೬ರಲ್ಲಿ ಡ್ರೆಸ್ಡೆನ್‌ಗೆ ಬಂದನು. ಬಾಸ್ಟನ್ ಸೀಮೆಯಲ್ಲಿ ವರ್ಷದ ಹಲವು ತಿಂಗಳು ಹಿಮ. ಆ ಕಾಲದಲ್ಲಿ ವಿದ್ಯಾರ್ಥಿಗಳಿಗೆ ತೋರಿಸಲು ಹೂವಿರುವುದಿಲ್ಲ. ಕಾಗದದ ಮುದ್ದೆಯ ಪ್ರತಿಕೃತಿಗಳು ಅವನ ಕಣ್ಣಿಗೆ ಒರಟು. ಮೇಣದವು ಬಾಳಿಕೆ ಬಾರದವು. ಕಡಲ ಜೀವಿಗಳಿಂದಲೇ ಜೀವನ ಸಾಗುತ್ತಿದ್ದ ಬ್ಲಾಷ್ಕಾರಿಗೆ ಸಸ್ಯಗಳಿಗೆ ಮರಳಲು ಮೊದಲು ಮನಸ್ಸಿರಲಿಲ್ಲ. ಕೊನೆಗೆ ಕೆಲವು ಮಾದರಿಗಳನ್ನು ಕಳುಹಿಸಲು ಒಪ್ಪಿದರು. ಅವು ೧೮೮೭ರಲ್ಲಿ ಅಮೆರಿಕಾ ಮುಟ್ಟಿದಾಗ ಸುಂಕದ ಕಟ್ಟೆಯವರ ತಪಾಸಣೆಯಲ್ಲಿ ಮುರಿದುಹೋದುವು. ಆ ಮುರುಕುಗಳೇ ಗುಡೇಲನ ವಾದವನ್ನು ಗೆಲ್ಲಿಸಿದುವು. ಅವುಗಳನ್ನು ಕಂಡ ಎಲಿಜಬೆತ್ ವೇರ್ ಎಂಬಾಕೆಯೂ ಆಕೆಯ ಮಗಳು ಮೇರಿ ಲೀ ವೇರಳೂ ವೆಚ್ಚವನ್ನು ವಹಿಸಲು ಮುಂದೆ ಬಂದರು. ಎಲಿಜಬೆತ್ತಳ ಗಂಡ ವೈದ್ಯ ಚಾರ್ಲ್ಸ್ ಎಲಿಯಟ್ ವೇರನ ಸ್ಮಾರಕವಾಗಿ ಸಂಗ್ರಹವನ್ನು ಅರ್ಪಿಸಿದರು. ಮೊದಲ ಒಪ್ಪಂದದಂತೆ ಬ್ಲಾಷ್ಕಾರು ಅರ್ಧ ವೇಳೆಯನ್ನು ಹಾರ್ವರ್ಡಿಗೆ ಮೀಸಲಿಟ್ಟರು. ೧೮೯೦ರಲ್ಲಿ ಹತ್ತು ವರ್ಷಗಳ ಹೊಸ ಒಪ್ಪಂದವಾಯಿತು: ವರ್ಷಕ್ಕೆ ೮,೮೦೦ ಮಾರ್ಕು ಸಂಭಾವನೆ; ಬೇರೆ ಯಾರಿಗೂ ಕೆಲಸ ಮಾಡಕೂಡದು.

ಕೆಲಸದ ಕ್ರಮ ಸರಳ, ಸಾಧನೆ ಕಠಿಣ. ಮೇಜಿನ ಮೇಲೊಂದು ದೀಪ. ಅದರ ಉರಿಗೆ ಗಾಳಿ ಊದಲು ಕಾಲಿನಿಂದ ತುಳಿಯುವ ತಿದಿ. ಕೈಯಲ್ಲಿ ಗಾಜಿನ ಕಡ್ಡಿ, ಚಿಮುಟ. ತಂತಿಯ ಮೇಲೆ ಕರಗಿದ ಗಾಜನ್ನು ಹೊದಿಸಿ ಕಾಂಡವನ್ನು ಮಾಡುವರು. ಎಲೆ ದಳಗಳನ್ನು ಬಿಸಿಯಿರುವಾಗಲೇ ಎಳೆದು, ಚಪ್ಪಟೆ ಮಾಡಿ, ನರಗಳನ್ನು ಗೀರುವರು. ಬಿಡಿ ಭಾಗಗಳನ್ನು ಉರಿಯಲ್ಲಾಗಲಿ ಅಂಟಿನಿಂದಾಗಲಿ ಕೂಡಿಸುವರು. ಮೊದಮೊದಲು ಬಣ್ಣವನ್ನು ಮೇಲಿನಿಂದ ಬಳಿಯುತ್ತಿದ್ದರು. ಮುಂದೆ ರೂಡಾಲ್ಫ್ ಬಣ್ಣದ ಗಾಜನ್ನೇ ತಯಾರಿಸಿ, ಅದರ ಪುಡಿಯನ್ನು ಮೇಲೆ ಕರಗಿಸಿ ಕೂಡಿಸುವ ವಿಧಾನವನ್ನು ಬೆಳೆಸಿಕೊಂಡನು. ೧೮೯೨ರಲ್ಲಿ ಅವನು ಜಮೈಕಾ ದ್ವೀಪಕ್ಕೂ ಅಮೆರಿಕಾಕ್ಕೂ ಹೋಗಿ ಉಷ್ಣವಲಯದ ಸಸ್ಯಗಳನ್ನು ಕಣ್ಣಾರೆ ಕಂಡು ಚಿತ್ರಿಸಿಕೊಂಡನು. ಹಾರ್ವರ್ಡಿನ ಸಂಗ್ರಹದಲ್ಲಿ ಕನ್ನಡಿಗರ ಹಿತ್ತಲ ಬಾಳೆ, ಕರಾವಳಿಯ ಗೇರುಗಳೂ ಇವೆ. ೧೮೯೫ರಲ್ಲಿ ಅವನು ಮತ್ತೆ ಅಮೆರಿಕಾದಲ್ಲಿದ್ದಾಗಲೇ ಡ್ರೆಸ್ಡೆನ್‌ನಲ್ಲಿ ಲಿಯೋಪೋಲ್ಡ್ ತೀರಿಕೊಂಡನು. ಆಮೇಲಿನ ನಾಲ್ವತ್ತು ವರ್ಷ ರೂಡಾಲ್ಫ್ ಒಬ್ಬನೇ ದುಡಿದನು.

ಈ ಸಂಗ್ರಹ ಬರಿಯ ಹೂಗೊಂಚಲುಗಳ ಪ್ರದರ್ಶನವಲ್ಲ. ಪ್ರತಿಯೊಂದು ಗಿಡದ ಸಹಜಗಾತ್ರದ ಕೊಂಬೆಯ ಪಕ್ಕದಲ್ಲಿ ಅದರ ಹೂವಿನ ಭಾಗಗಳನ್ನು ಹಲವು ಪಟ್ಟು ದೊಡ್ಡದು ಮಾಡಿ ತೋರಿಸಿದ ಗಾಜಿನ ತುಂಡುಗಳಿವೆ: ಕೇಸರ, ಶಲಾಕೆ, ಅಂಡಾಶಯದ ಅಡ್ಡಸೀಳು, ಪರಾಗದ ಕಣ. ಕೀಟಗಳು ಹೂವಿನಿಂದ ಹೂವಿಗೆ ಪರಾಗವನ್ನೊಯ್ಯುವ ಬಗೆ, ಹಾವಸೆ ಜರಿಗಿಡಗಳ ಜೀವನಚಕ್ರ ಇವುಗಳಿಗೂ ಬೇರೆ ಬೇರೆ ಸರಣಿಗಳಿವೆ. ೧೯೨೪ರಿಂದ ೧೯೩೨ರವರೆಗೆ ರೂಡಾಲ್ಫ್ ಮಾಡಿದ ಸರಣಿಯಲ್ಲಿ ರೋಗ ಹಿಡಿದ ಎಲೆ, ಬೂಷ್ಟು ಕಟ್ಟಿದ ಹಣ್ಣು, ಕೊಳೆತ ಸೇಬುಗಳು ಕಾಣುತ್ತವೆ. ಅಂದವನ್ನು ಮಾತ್ರ ಬಯಸಿದವನು ಕೊಳೆತ ಹಣ್ಣನ್ನು ಗಾಜಿನಲ್ಲಿ ಮಾಡಿಸುತ್ತಿರಲಿಲ್ಲ. ಸಸ್ಯರೋಗವನ್ನು ಕಲಿಸಬೇಕಾದವನು ಮಾಡಿಸಿದನು. ೧೯೩೬ರಲ್ಲಿ ಕೊನೆಯ ಪೆಟ್ಟಿಗೆಗಳು ಹೊರಟುವು. ೧೯೩೮ರಲ್ಲಿ ರೂಡಾಲ್ಫ್ ನಿವೃತ್ತನಾಗಿ, ಮರುವರ್ಷ ತೀರಿಕೊಂಡನು. ಅಷ್ಟರಲ್ಲಿ ಸುಮಾರು ೭೮೦ ಜಾತಿಯ ಸಸ್ಯಗಳು ೪,೩೦೦ಕ್ಕೂ ಮೇಲ್ಪಟ್ಟ ಪ್ರತಿಕೃತಿಗಳಲ್ಲಿ ರೂಪುಗೊಂಡಿದ್ದುವು. ಅವನಿಗೆ ಮಕ್ಕಳಿರಲಿಲ್ಲ, ಶಿಷ್ಯರೂ ಇರಲಿಲ್ಲ. ಕಸುಬು ಅವನೊಡನೆಯೇ ಕೊನೆಗೊಂಡಿತು.

೫

ಬ್ಲಾಷ್ಕಾ ತಂದೆಮಕ್ಕಳ ಕೆಲಸ ಹಾರ್ವರ್ಡಿನಲ್ಲಿ ತುಂಬಿಬರುತ್ತಿದ್ದ ಕಾಲದಲ್ಲಿಯೇ ಹೈದರಾಬಾದಿನಲ್ಲಿ ಬೇರೊಂದು ಶೈಕ್ಷಣಿಕ ಸಾಹಸ ಮೊದಲಾಯಿತು. ಅಕ್ಬರ್ ಹೈದರಿಯವರು ೧೯೧೭ರಲ್ಲಿ ಸಲ್ಲಿಸಿದ ವಿಜ್ಞಾಪನೆಯ ಮೇಲೆ ನಿಜಾಮ ಮೀರ್ ಉಸ್ಮಾನ್ ಅಲೀಖಾನರು ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಸ್ಥಾಪನೆಗೆ ಫರ್ಮಾನು ಹೊರಡಿಸಿದರು. ೧೯೧೮ರಲ್ಲಿ ವಿಶ್ವವಿದ್ಯಾನಿಲಯ ಅಸ್ತಿತ್ವಕ್ಕೆ ಬಂದಿತು. ೧೯೧೯ರ ಆಗಸ್ಟಿನಲ್ಲಿ ಅದರ ಕಾಲೇಜು ಪಾಠವನ್ನು ಆರಂಭಿಸಿತು. ಭಾರತೀಯ ಭಾಷೆಯೊಂದರಲ್ಲಿ ವಿಜ್ಞಾನವನ್ನು ಉಚ್ಚತಮ ಮಟ್ಟದವರೆಗೆ ಕಲಿಸಬೇಕೆಂಬುದು ಅದರ ಸಂಕಲ್ಪ. ಆ ಭಾಷೆ ಉರ್ದು. ಪಠ್ಯಗ್ರಂಥಗಳಿಗಾಗಿ ೧೯೧೭ರಲ್ಲಿಯೇ 'ದಾರುಲ್ ತರ್ಜುಮಾ' ಎಂಬ ಭಾಷಾಂತರ ಸಂಸ್ಥೆ ಮೌಲ್ವಿ ಅಬ್ದುಲ್ ಹಕ್ಕರ ನೇತೃತ್ವದಲ್ಲಿ ಏರ್ಪಟ್ಟಿತು. ಪಾರಿಭಾಷಿಕ ಶಬ್ದಗಳನ್ನು ನಿರ್ಮಿಸುವ ಸಮಿತಿಗಳು ಕುಳಿತುವು. ಆ ನಿರ್ಮಾಣದ ಸೂತ್ರಗಳನ್ನು ಕುರಿತು ವಹೀದುದ್ದೀನ್ ಸಲೀಮರು ಉರ್ದುವಿನಲ್ಲಿ ಗ್ರಂಥವನ್ನೇ ರಚಿಸಿದರು. ನೂರಾರು ಪುಸ್ತಕಗಳು ಭಾಷಾಂತರಗೊಂಡುವು. ಸಸ್ಯಶಾಸ್ತ್ರ 'ನಬಾತಿಯಾತ್' ಎನಿಸಿತು.

ಹಾರ್ವರ್ಡಿನಲ್ಲಿ ದಾನಿಯ ಹಣ ಗಾಜಿಗೆ ಹೋಯಿತು; ಹೈದರಾಬಾದಿನಲ್ಲಿ ಅರಸೊತ್ತಿಗೆಯ ಹಣ ಶಬ್ದಕ್ಕೆ ಹೋಯಿತು. ಇದನ್ನು ತಪ್ಪೆನ್ನುವಂತಿಲ್ಲ. ಹೆಸರಿಲ್ಲದೆ ಶಾಸ್ತ್ರವಿಲ್ಲ. ಗಾಜಿನ ಹೂವು ಎಷ್ಟೇ ಸ್ಪಷ್ಟವಾಗಿದ್ದರೂ ಅದರ ಮುಂದೆ ನಿಂತ ವಿದ್ಯಾರ್ಥಿಗೆ 'ಇದು ಅಂಡಾಶಯ, ಇದು ಶಲಾಕೆ' ಎಂದು ತಿಳಿಯುವ ಮಾತಿನಲ್ಲಿ ಹೇಳುವವರು ಬೇಕು. ಆದರೆ ತಿಳಿಯುವ ಮಾತು ಯಾರಿಗೆ ಎಂಬುದು ಆ ಸಂಸ್ಥಾನದಲ್ಲಿ ಬಿಕ್ಕಟ್ಟಿನ ಪ್ರಶ್ನೆಯಾಗಿತ್ತು. ನಿಜಾಮರ ಪ್ರಜೆಗಳಲ್ಲಿ ಸುಮಾರು ಅರ್ಧದಷ್ಟು ಜನ ತೆಲುಗರು; ನಾಲ್ಕನೆಯ ಒಂದು ಪಾಲು ಮರಾಠಿಗರು; ಬೀದರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳಲ್ಲಿ ಹೆಚ್ಚಾಗಿದ್ದ ಕನ್ನಡಿಗರು ಹತ್ತರಲ್ಲೊಂದು ಪಾಲಿಗಿಂತ ತುಸು ಹೆಚ್ಚು. ರಾಯಚೂರಿನ ಹುಡುಗನಿಗೆ ಇಂಗ್ಲಿಷ್ ಹೇಗೋ ಹಾಗೆಯೇ ಅರಬ್ಬೀ ಫಾರಸಿ ಮೂಲದ ಪರಿಭಾಷೆಯೂ ಕಲಿತು ಗಳಿಸಬೇಕಾದ ಸೊತ್ತು. ಮನೆಯಲ್ಲಿ ತಂಗಡಿ ಎಂದು ಕರೆದ ಗಿಡವನ್ನು ಅವನು ತರಗತಿಯಲ್ಲಿ ಒಂದು ಲ್ಯಾಟಿನ್ ಹೆಸರಿನಿಂದ ಗುರುತಿಸಿ, ಅದರ ಭಾಗಗಳನ್ನು ಉರ್ದು ಹೆಸರುಗಳಿಂದ ವರ್ಣಿಸಬೇಕಾಗಿತ್ತು. ೧೯೪೮ರ ತರುವಾಯ ಉರ್ದು ಮಾಧ್ಯಮ ಹೋಗಿ ಇಂಗ್ಲಿಷ್ ಬಂದಿತು. ಹೆಸರುಗಳು ಮತ್ತೊಮ್ಮೆ ಬದಲಾದುವು.

ಇಂಥ ಕಡೆ ಪ್ರತಿಕೃತಿಯ ಬೆಲೆ ಇಮ್ಮಡಿಯಾಗುತ್ತದೆ. ಹಾರ್ವರ್ಡಿನ ತೊಂದರೆ ಚಳಿಗಾಲ, ದಖನ್ನಿನದು ಅದಲ್ಲ. ಮಳೆಗಾಲದ ಮೊದಲಿನಿಂದ ಕಾರ್ತಿಕದವರೆಗೆ ಹೈದರಾಬಾದಿನ ಬಂಡೆಗಳ ಸಂದಿಯಲ್ಲೆಲ್ಲ ಹಸುರು. ತೆಲಂಗಾಣದ ಬತುಕಮ್ಮ ಹಬ್ಬದಲ್ಲಿ ತಂಗಡಿಯ ಹಳದಿ ಹೂವುಗಳು ರಾಶಿರಾಶಿಯಾಗಿ ಬೀದಿಗೆ ಬರುತ್ತವೆ. ದಾಸವಾಳ ವರ್ಷವಿಡೀ ಅರಳುತ್ತದೆ. ಅಲ್ಲಿಯ ವಿದ್ಯಾರ್ಥಿಗೆ ಹೂವಿನ ಬಣ್ಣವನ್ನು ಗಾಜಿನಲ್ಲಿ ತೋರಿಸಬೇಕಾಗಿಲ್ಲ. ಬರಿಗಣ್ಣಿಗೆ ಸಿಕ್ಕದ ರಚನೆಯನ್ನು ತೋರಿಸಬೇಕು: ದಾಸವಾಳದ ಕೇಸರಗಳು ಕೂಡಿ ಕೊಳವೆಯಾಗಿ ಶಲಾಕೆಯನ್ನು ಸುತ್ತುವರಿದಿರುವ ಬಗೆ, ಅದರ ಅಂಡಾಶಯದ ಐದು ಕೋಣೆಗಳು, ತಂಗಡಿಯ ಹತ್ತು ಕೇಸರಗಳಲ್ಲಿ ಮೇಲಿನ ಮೂರು ಬಂಜೆಯಾಗಿರುವುದು, ಜರಿಗಿಡದ ಜೀವನಚಕ್ರದಲ್ಲಿ ಉಗುರಿಗಿಂತ ಕಿರಿದಾಗಿ ನೆಲಕ್ಕಂಟಿ ಬೆಳೆಯುವ ಹಂತ. ಅವುಗಳನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿದವನಿಗೆ ಪರಿಭಾಷೆ ಉರ್ದುವಾಗಲಿ ಇಂಗ್ಲಿಷಾಗಲಿ ಕನ್ನಡವಾಗಲಿ ಬರಿಯ ಬಾಯಿಪಾಠವಾಗಿ ಉಳಿಯದು. ವಸ್ತು ಮೊದಲು ಮನಸ್ಸಿಗೆ ಬಂದರೆ ಹೆಸರು ಅದಕ್ಕೆ ತಾನಾಗಿ ಅಂಟಿಕೊಳ್ಳುತ್ತದೆ.

ಆ ಸೀಮೆಯ ಸಸ್ಯಗಳನ್ನು ಅರಿತ ವಿದ್ವಾಂಸರು ಉಸ್ಮಾನಿಯಾದಲ್ಲಿ ಇದ್ದರು. ಪ್ರಾಧ್ಯಾಪಕ ಎಂ. ಸಯೀದುದ್ದೀನರು ಹೈದರಾಬಾದು ಸಂಸ್ಥಾನದ ಸಾಮಾನ್ಯ ಹೂಗಿಡಗಳನ್ನೂ ಅವುಗಳ ಉಪಯೋಗಗಳನ್ನೂ ಕುರಿತ ಲೇಖನಗಳನ್ನು ೧೯೩೦ರ ದಶಕದಿಂದ ಮುಂಬಯಿಯ ಪ್ರಕೃತಿವಿಜ್ಞಾನ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಶಾಸ್ತ್ರವನ್ನು ಬಲ್ಲವರಿದ್ದರು, ಹಣವಿದ್ದಿತು. ಉಳಿದುದು ಕಸುಬು.

೬

ಕಸುಬಿಗೂ ಆ ಸಂಸ್ಥಾನದಲ್ಲಿ ಕೊರತೆಯಿರಲಿಲ್ಲ. ಅದಿಲಾಬಾದ್ ಸೀಮೆಯ ನಿರ್ಮಲ್ ಎಂಬ ಊರಿನ ಕುಶಲಕರ್ಮಿಗಳು ಪೊಣಿಕಿ ಎಂಬ ಹಗುರವಾದ ಮರವನ್ನು ಕೆತ್ತಿ ಹಣ್ಣು, ತರಕಾರಿ, ಹಕ್ಕಿ, ಮೃಗಗಳನ್ನು ಮಾಡುವುದರಲ್ಲಿ ಹೆಸರಾದವರು. ಮರವನ್ನು ಹದವಾಗಿ ಒಣಗಿಸಿ, ಭಾಗಗಳನ್ನು ಬೇರೆ ಬೇರೆಯಾಗಿ ಕೆತ್ತಿ ಜೋಡಿಸಿ, ಹುಣಿಸೆಬೀಜದ ಅಂಟಿನಲ್ಲಿ ಮರದ ಹೊಟ್ಟನ್ನು ಕಲಸಿ ಸಂದುಗಳನ್ನು ತುಂಬಿ, ನುಣುಪು ಮಾಡಿ ಬಣ್ಣವಿಡುವುದು ಅವರ ಕ್ರಮ. ನಿರ್ಮಲಿನ ಹಣ್ಣನ್ನು ತಟ್ಟೆಯಲ್ಲಿಟ್ಟರೆ ನಿಜವಾದುದೆಂದು ಮಕ್ಕಳು ಕೈಚಾಚುವಷ್ಟು ಸಹಜತೆ ಅದಕ್ಕುಂಟು.

ಸಂಸ್ಥಾನದ ಕನ್ನಡ ಭಾಗದಲ್ಲಿಯೂ ಇಂಥದೇ ಕಸುಬಿದ್ದಿತು. ಕೊಪ್ಪಳದ ಬಳಿಯ ಕಿನ್ನಾಳ ಗ್ರಾಮದ ಚಿತ್ರಗಾರ ಮನೆತನಗಳು ಹಗುರ ಮರದಿಂದ ದೇವತಾಮೂರ್ತಿ, ಗೊಂಬೆ, ಪ್ರಾಣಿಪಕ್ಷಿಗಳನ್ನು ತಲೆಮಾರುಗಳಿಂದ ಮಾಡುತ್ತ ಬಂದಿವೆ. ನೆನೆಯಿಟ್ಟು ಒಣಗಿಸಿ ಪುಡಿಮಾಡಿದ ಗೋಣಿಯ ನಾರನ್ನೂ ಮರದ ಹೊಟ್ಟನ್ನೂ ಹುಣಿಸೆಬೀಜದ ಅಂಟಿನೊಡನೆ ಕಲಸಿ ಮಾಡುವ 'ಕಿಟ್ಟ' ಅವರ ಕಸುಬಿನ ಜೀವಾಳ. ಅದನ್ನು ಮೆತ್ತಿ ಅಂಗಾಂಗಗಳ ಉಬ್ಬುತಗ್ಗುಗಳನ್ನು ಎತ್ತುತ್ತಾರೆ. ಕಲ್ಲುಪುಡಿಯ ಅಂಟಿನಿಂದ ಒಡವೆಗಳ ಸೂಕ್ಷ್ಮ ಕೆಲಸವನ್ನು ಮೂಡಿಸುತ್ತಾರೆ. ಕೊಪ್ಪಳ ಆಗ ಸಾಲಾರ್‌ಜಂಗ್ ಮನೆತನದ ಜಹಗೀರಿಗೆ ಸೇರಿದ್ದಿತು. ಬೊಹೀಮಿಯಾದ ಗಾಜನ್ನು ಕೂಡಿಹಾಕಿದ ಮನೆತನದ ಸೀಮೆಯಲ್ಲಿಯೇ ಕಿನ್ನಾಳದವರ ಕಿಟ್ಟ ಕಲಸುವ ಕೆಲಸವೂ ನಡೆಯುತ್ತಿದ್ದಿತು.

ಇಲ್ಲಿ ಬ್ರೆಂಡೆಲ್ ಹೂವುಗಳನ್ನು ಮತ್ತೆ ನೆನೆಯಬೇಕು. ಬ್ಲಾಷ್ಕಾರ ಗಾಜು ಅನುಕರಣೆಗೆ ನಿಲುಕದು. ಅದಕ್ಕೆ ಒಂದು ಮನೆತನದ ಎರಡು ಜೀವಮಾನಗಳು ಬೇಕಾದುವು. ಇಷ್ಟಾದರೂ ಅದು ಮುಟ್ಟಿದರೆ ಮುರಿಯುವಂಥದು, ಬೀರುವಿನ ಹೊರಗಿನಿಂದ ನೋಡತಕ್ಕದ್ದು. ಬ್ರೆಂಡೆಲನ ಕಾಗದದ ಮುದ್ದೆಯಾದರೋ ಕಿನ್ನಾಳದ ಕಿಟ್ಟಕ್ಕೂ ನಿರ್ಮಲಿನ ಹೊಟ್ಟಂಟಿಗೂ ದಾಯಾದಿ. ಮರದ ಒಡಲು, ನಾರಿನ ಮುದ್ದೆ, ಮೇಲೆ ಬಣ್ಣ, ಕಳಚಿ ಕೂಡಿಸಬಹುದಾದ ಭಾಗಗಳು: ಇವಿಷ್ಟರಿಂದ ಯುರೋಪಿನ ತರಗತಿಗಳಲ್ಲಿ ಸಸ್ಯಶಾಸ್ತ್ರದ ಪಾಠ ನಡೆಯಿತು. ದಖನ್ನಿಗೆ ಹೊಂದುವ ಮೇಲ್ಪಂಕ್ತಿ ಡ್ರೆಸ್ಡೆನ್‌ನ ಗಾಜಿಗಿಂತ ಬ್ರೆಸ್ಲೌವಿನ ಮುದ್ದೆಯೇ ಸರಿ.

ಅಕ್ಬರ್ ಹೈದರಿಯವರ ಮನೆಯಲ್ಲಿಯೇ ಈ ಎರಡು ಧಾರೆಗಳು ಅಕ್ಕಪಕ್ಕದಲ್ಲಿ ಹರಿದುವೆಂಬುದು ಗಮನಾರ್ಹ. ಅವರು ವಿಶ್ವವಿದ್ಯಾನಿಲಯದ ಮೂಲಪ್ರೇರಕರು. ಅವರ ಪತ್ನಿ ಲೇಡಿ ಹೈದರಿಯವರು ೧೯೩೦ರ ದಶಕದಲ್ಲಿ ಸೊರಗುತ್ತಿದ್ದ ನಿರ್ಮಲ್ ಕಸುಬಿಗೆ ಆಶ್ರಯವಿತ್ತು, ಕುಶಲಕರ್ಮಿಗಳನ್ನು ಹೈದರಾಬಾದಿಗೆ ಕರೆಯಿಸಿಕೊಂಡರು. ಒಂದು ಧಾರೆ ಪಠ್ಯಗ್ರಂಥಗಳ ಕಡೆಗೆ ಹೋಯಿತು. ಇನ್ನೊಂದು ಶ್ರೀಮಂತರ ದಿವಾನಖಾನೆಯ ಚಿತ್ರಫಲಕ, ಪೀಠೋಪಕರಣ, ಅಲಂಕಾರದ ಗೊಂಬೆಗಳ ಕಡೆಗೆ ಹೋಯಿತು. ಗುಡೇಲನು ಡ್ರೆಸ್ಡೆನ್‌ನ ಕಾರ್ಯಾಗಾರದ ಬಾಗಿಲನ್ನು ತಟ್ಟಿದಂತೆ ವಿದ್ವಾಂಸನೇ ಕುಶಲಕರ್ಮಿಯ ಮನೆಗೆ ಹೋಗಿ, 'ಈ ಹೂವಿನ ಒಳಗನ್ನು ನನ್ನ ವಿದ್ಯಾರ್ಥಿಗಳಿಗಾಗಿ ಮಾಡಿಕೊಡು' ಎಂದು ಕೇಳುವ ಪದ್ಧತಿ ಆ ವ್ಯವಸ್ಥೆಯಲ್ಲಿ ಬೇರೂರಲಿಲ್ಲ. ಕಸುಬು ಅಂದವನ್ನು ಒದಗಿಸತಕ್ಕದ್ದು, ವಿದ್ಯೆ ಪುಸ್ತಕದಿಂದ ಬರತಕ್ಕದ್ದು ಎಂಬ ಭಾವನೆ ಆಳವಾಗಿದ್ದಿತು; ಇದು ಹೈದರಾಬಾದಿಗೆ ಮಾತ್ರ ಅಂಟಿದ ದೋಷವೂ ಅಲ್ಲ.

೭

ಹಾರ್ವರ್ಡಿಗೂ ಕನ್ನಡದ ಸಸ್ಯಶಾಸ್ತ್ರಕ್ಕೂ ನೇರವಾದ ಸಂಬಂಧವೊಂದುಂಟು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಕಲಿತ ಬಿ. ಜಿ. ಎಲ್. ಸ್ವಾಮಿಯವರು ೧೯೪೦ರ ದಶಕದ ಕೊನೆಯಲ್ಲಿ ಹಾರ್ವರ್ಡಿನಲ್ಲಿ ಇರ್ವಿಂಗ್ ಬೈಲಿಯವರೊಡನೆ ಸಂಶೋಧನೆ ನಡೆಸಿದರು. ಹೂವಿನ ಅಂಡಕೋಶದ ಘಟಕವಾದ ಕಾರ್ಪೆಲ್ ಎಂಬುದು ಮೂಲತಃ ನಡುನರದ ಗುಂಟ ಮಡಿಸಿಕೊಂಡ ಎಲೆಯಂಥದು ಎಂಬ ವಿಚಾರವನ್ನು ಇಬ್ಬರೂ ೧೯೫೧ರ ಲೇಖನವೊಂದರಲ್ಲಿ ಮಂಡಿಸಿದರು. ಮಾತಿನಲ್ಲಿ ಬಿಗಿಯಾಗಿ ತೋರುವ ಈ ವಿಚಾರವನ್ನು ಒಂದು ಎಲೆಯನ್ನು ಮಡಿಸಿ ತೋರಿಸಿದರೆ ಹತ್ತು ವರ್ಷದ ಮಗುವೂ ತಿಳಿಯಬಲ್ಲದು. ಮುಂದೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅಧ್ಯಾಪಕರಾದ ಸ್ವಾಮಿಯವರು ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ದರು. ಆ ಅನುಭವವನ್ನು ತಾವೇ ಬರೆದ ರೇಖಾಚಿತ್ರಗಳೊಡನೆ 'ಹಸುರು ಹೊನ್ನು' ಗ್ರಂಥದಲ್ಲಿ ಕನ್ನಡಿಗರಿಗೆ ಕೊಟ್ಟರು. ೧೯೭೮ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಅಲ್ಲಿ ಹೆಸರೂ ವಸ್ತುವೂ ಚಿತ್ರವೂ ಒಂದೇ ಕೈಯಲ್ಲಿ ಕೂಡಿದುವು. ಗಾಜಿನ ಹೂವುಗಳ ಹಿಂದಿನ ಉದ್ದೇಶವನ್ನೇ ಅವರು ಲೇಖನಿಯಿಂದ ಸಾಧಿಸಿದರೆಂದು ಹೇಳಬಹುದು.

೧೯೫೬ರ ನವೆಂಬರ್ ೧ರಂದು ಹೈದರಾಬಾದು ಸಂಸ್ಥಾನದ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದುವು, ಕಿನ್ನಾಳ ಈಗ ಕರ್ನಾಟಕದ ಕೊಪ್ಪಳ ಜಿಲ್ಲೆಯಲ್ಲಿದೆ, ನಿರ್ಮಲ್ ತೆಲಂಗಾಣದಲ್ಲಿದೆ. ಎರಡು ಊರುಗಳ ಕಸುಬಿಗೂ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಮಾನ್ಯತೆ ಹೆಸರನ್ನು ಕಾಯುತ್ತದೆ. ಕೈಗೆ ಕೆಲಸವನ್ನು ಒದಗಿಸುವ ಭಾರ ಅದನ್ನು ಕೊಳ್ಳುವವರ ಮೇಲೆಯೇ ಇದೆ. ಹಾರ್ವರ್ಡಿನವರು ೨೦೧೬ರಲ್ಲಿ ತಮ್ಮ ಗಾಜಿನ ಹೂವುಗಳ ಸಭಾಂಗಣವನ್ನು ನವೀಕರಿಸಿ, ಹಳೆಯ ಪ್ರತಿಕೃತಿಗಳ ಧೂಳು ತೆಗೆದು, ಮುರುಕುಗಳನ್ನು ಸರಿಪಡಿಸಿ ಕಾಪಾಡುತ್ತಿದ್ದಾರೆ. ಅವರಿಂದ ಆಗದ ಕೆಲಸ ಒಂದೇ: ಹೊಸ ಹೂವೊಂದನ್ನು ಬ್ಲಾಷ್ಕಾರ ಕೈಯಿಂದ ಮಾಡಿಸುವುದು. ಡ್ರೆಸ್ಡೆನ್‌ನ ಆ ವಿದ್ಯೆ ಎರಡು ತಲೆಮಾರು ಬಾಳಿ ಮುಗಿಯಿತು. ದಖನ್ನಿನ ಕಸುಬುಗಳು ಹಲವು ತಲೆಮಾರುಗಳನ್ನು ದಾಟಿ ಇನ್ನೂ ಉಸಿರಾಡುತ್ತಿವೆ. ಹಾರ್ವರ್ಡಿನಲ್ಲಿ ವಸ್ತು ಉಳಿದು ಕಸುಬು ಅಳಿಯಿತು. ಇಲ್ಲಿ ಕಸುಬು ಉಳಿದಿದೆ, ಅದಕ್ಕೆ ಶಾಲೆಯ ಕೆಲಸ ದೊರೆಯಬೇಕಾಗಿದೆ. ಕಿನ್ನಾಳದ ಕಿಟ್ಟದಲ್ಲಿ ಮಾಡಿದ ಒಂದು ದಾಸವಾಳ, ದಳ ಕಳಚಿದರೆ ಕೇಸರ, ಕೇಸರ ಕಳಚಿದರೆ ಐದು ಕೋಣೆಯ ಅಂಡಾಶಯ ಕಾಣುವಂತೆ, ಭಾಗಭಾಗಕ್ಕೂ ಕನ್ನಡದ ಹೆಸರನ್ನು ಹೊತ್ತು ಕೊಪ್ಪಳದ ಶಾಲೆಯೊಂದರ ಮೇಜಿನ ಮೇಲೆ ನಿಲ್ಲಬೇಕಾದರೆ ಗಾಜಿನಷ್ಟು ವೆಚ್ಚವೂ ಬೇಡ, ಐವತ್ತು ವರ್ಷಗಳ ಕಾಲವೂ ಬೇಡ. ಗುಡೇಲನಂತೆ ಬಾಗಿಲು ತಟ್ಟುವ ಒಬ್ಬ ಅಧ್ಯಾಪಕನು ಬೇಕು.